ನವೋದಯ ಪ್ರವೇಶ ಪರೀಕ್ಷೆಯ ಅಂಕಗಣಿತ: ಪೂರ್ಣ ಸಂಖ್ಯೆಗಳ ಅಭ್ಯಾಸ ಯಾವ ಕ್ರಮದಲ್ಲಿ ನಡೆಯಬೇಕು?

ಐದನೇ ತರಗತಿಯ ಮಗು ಹಳೆಯ ಪ್ರಶ್ನೆಪತ್ರಿಕೆಗಳನ್ನು ಒಂದರ ಹಿಂದೊಂದು ಬಿಡಿಸುತ್ತದೆ, ಅಂಕ ಮಾತ್ರ ಏರುವುದಿಲ್ಲ. ಇಪ್ಪತ್ತು ಲೆಕ್ಕಗಳಲ್ಲಿ ಹನ್ನೊಂದೋ ಹನ್ನೆರಡೋ ಸರಿಯಾಗುತ್ತವೆ, ಮುಂದಿನ ವಾರವೂ ಅಷ್ಟೇ ಆಗುತ್ತವೆ. ಪಾಲಕರು ಇನ್ನೊಂದು ಗೈಡ್ ಕೊಂಡು ತರುತ್ತಾರೆ, ಮಗು ಇನ್ನೂ ನೂರು ಲೆಕ್ಕ ಮಾಡುತ್ತದೆ, ಫಲಿತಾಂಶ ಅಲ್ಲೇ ನಿಲ್ಲುತ್ತದೆ. ಇಂಥ ಮಕ್ಕಳ ನೋಟ್‌ಬುಕ್ ತೆರೆದು ನೋಡಿದರೆ ಕಾರಣ ಬೇಗ ಸಿಗುತ್ತದೆ. ಅವರಿಗೆ ಗೊತ್ತಿಲ್ಲದ್ದು ಕಠಿಣ ಗಣಿತವಲ್ಲ. ಸೊನ್ನೆ ಇರುವ ವ್ಯವಕಲನ, ಭಾಗಲಬ್ಧದ ನಡುವೆ ಬರುವ ಸೊನ್ನೆ, ಅರ್ಧ ನೆನಪಿನ ಏಳರ ಮಗ್ಗಿ ಇವೇ ಮತ್ತೆ ಮತ್ತೆ ಅಂಕ ಕಸಿಯುತ್ತವೆ. ಇವನ್ನು ಸರಿಪಡಿಸುವ ಮೊದಲೇ ಗಡಿಯಾರ ಮುಂದಿಟ್ಟು ಓಡಿಸಿದರೆ ಮಗು ಅದೇ ತಪ್ಪುಗಳನ್ನು ಇನ್ನಷ್ಟು ವೇಗವಾಗಿ ಮಾಡಲು ಕಲಿಯುತ್ತದೆ.

ಆದ್ದರಿಂದ ಇಲ್ಲಿ ಹೇಳುವ ಹಂತಗಳ ಕ್ರಮವನ್ನು ಬದಲಿಸಬೇಡಿ. ಮೊದಲು ನಿಖರತೆ ಬರಲಿ, ಆಮೇಲೆ ವೇಗ, ಕೊನೆಗೆ ಪೂರ್ಣ ಪ್ರಶ್ನೆಪತ್ರಿಕೆ.

## ಪರೀಕ್ಷೆಯ ಲೆಕ್ಕಾಚಾರ

ಜವಾಹರ ನವೋದಯ ವಿದ್ಯಾಲಯದ ಆರನೇ ತರಗತಿಯ ಆಯ್ಕೆ ಪರೀಕ್ಷೆ ಎರಡು ಗಂಟೆಯದು. 80 ಪ್ರಶ್ನೆ, 100 ಅಂಕ. ಮಾನಸಿಕ ಸಾಮರ್ಥ್ಯಕ್ಕೆ 40 ಪ್ರಶ್ನೆ, ಅಂಕಗಣಿತಕ್ಕೆ 20, ಭಾಷೆಗೆ 20. ಪ್ರತಿ ಪ್ರಶ್ನೆಗೂ ಒಂದೂಕಾಲು ಅಂಕ. ಅಂಕಗಣಿತಕ್ಕೆ ಸೂಚಿಸಿರುವ ಸಮಯ 30 ನಿಮಿಷ, ಅಂದರೆ ಒಂದು ಲೆಕ್ಕಕ್ಕೆ ಒಂದೂವರೆ ನಿಮಿಷ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಪರೀಕ್ಷೆಯನ್ನು ಕನ್ನಡದಲ್ಲೇ ಬರೆಯಬಹುದು. ಎರಡನೇ ಬಾರಿ ಬರೆಯಲು ಅವಕಾಶವಿಲ್ಲ.

ಕೊಡಗು ಮತ್ತು ವಿಜಯಪುರದ ಸೈನಿಕ ಶಾಲೆಗಳ ಆರನೇ ತರಗತಿ ಪ್ರವೇಶಕ್ಕೆ ಬರೆಯುವ ಪರೀಕ್ಷೆಯಲ್ಲಿ ಗಣಿತದ ಭಾರ ಇನ್ನೂ ಹೆಚ್ಚು: 300 ಅಂಕಗಳಲ್ಲಿ 150 ಗಣಿತಕ್ಕೇ ಮೀಸಲು. ಮೊರಾರ್ಜಿ ದೇಸಾಯಿ ವಸತಿ ಶಾಲೆಗಳ ಪ್ರವೇಶ ಪರೀಕ್ಷೆಗೆ ಕೂರುವ ಮಕ್ಕಳಿಗೂ ಕೆಳಗಿನ ಅಭ್ಯಾಸವೇ ಸಾಕು. ಪರೀಕ್ಷೆಯ ಸ್ವರೂಪ ಬದಲಾಗಬಹುದು, ಕೂಡುವ ಕಳೆಯುವ ಕ್ರಮ ಬದಲಾಗುವುದಿಲ್ಲ. ಆಯಾ ವರ್ಷದ ಅಧಿಸೂಚನೆಯನ್ನು ನೀವೇ ಒಮ್ಮೆ ಪೂರ್ತಿ ಓದಿಕೊಳ್ಳಿ.

ಪೂರ್ಣ ಸಂಖ್ಯೆಗಳಿಗೆ ಇಷ್ಟು ಒತ್ತು ಏಕೆಂದರೆ ಭಿನ್ನರಾಶಿ, ದಶಮಾಂಶ, ವಿಸ್ತೀರ್ಣ, ಲಾಭ ನಷ್ಟ ಎಲ್ಲವೂ ಇದರ ಮೇಲೆಯೇ ನಿಂತಿವೆ. ಲ.ಸಾ.ಅ. (ಲಘುತ್ತಮ ಸಾಮಾನ್ಯ ಅಪವರ್ತ್ಯ) ತಪ್ಪಿದರೆ ಭಿನ್ನರಾಶಿಯ ಸಂಕಲನ ತಪ್ಪುತ್ತದೆ, ಗುಣಾಕಾರ ತಪ್ಪಿದರೆ ವಿಸ್ತೀರ್ಣ ತಪ್ಪುತ್ತದೆ.

## ಬೇಕಾದ ಸಾಮಾನು

ಒಂದು ಚೌಕಳಿ ಗೆರೆಯ ನೋಟ್‌ಬುಕ್. ಅಂಕಿಗಳು ಸಾಲು ತಪ್ಪುವ ಮಗುವಿಗೆ ಅರ್ಧ ಔಷಧಿ ಇದೇ. ಬಿಡಿಯ ಕೆಳಗೆ ಬಿಡಿ, ಹತ್ತರ ಕೆಳಗೆ ಹತ್ತು ತಾನಾಗಿಯೇ ಕೂರುತ್ತವೆ. ಇನ್ನೊಂದು ಸಾದಾ ನೋಟ್‌ಬುಕ್ ತಪ್ಪುಗಳಿಗಾಗಿಯೇ ಇರಲಿ. ಅದರ ಬಳಕೆಯನ್ನು ಎರಡನೇ ಹಂತದಲ್ಲಿ ಹೇಳಿದ್ದೇನೆ. ನೀಲಿ ಅಥವಾ ಕಪ್ಪು ಬಾಲ್‌ಪಾಯಿಂಟ್ ಪೆನ್ನು, ಸೆಕೆಂಡಿನ ಮುಳ್ಳಿರುವ ಗಡಿಯಾರ, ಐದಾರು ಹಳೆಯ ಪ್ರಶ್ನೆಪತ್ರಿಕೆ, ವೃತ್ತ ತುಂಬಿ ಉತ್ತರ ಗುರುತಿಸುವ ಒಎಂಆರ್ ಹಾಳೆಯ ಕೆಲವು ಜೆರಾಕ್ಸ್ ಪ್ರತಿಗಳು ಬೇಕು. ಪ್ರಶ್ನೆಪತ್ರಿಕೆಗಳನ್ನು ಕೊನೆಯ ಹಂತದವರೆಗೆ ಕಪಾಟಿನಲ್ಲಿಡಿ. ಒಮ್ಮೆ ಬಿಡಿಸಿದ ಪತ್ರಿಕೆಯ ಉತ್ತರಗಳು ಮಗುವಿನ ನೆನಪಿನಲ್ಲಿ ಉಳಿಯುತ್ತವೆ, ಎರಡನೇ ಸಲ ಬರುವ ಅಂಕ ನಂಬುವಂಥದ್ದಲ್ಲ.

ರಬ್ಬರ್ ಬೇಡ. ತಪ್ಪಾದದ್ದನ್ನು ಒಂದೇ ಗೆರೆಯಿಂದ ಹೊಡೆದು ಪಕ್ಕದಲ್ಲಿ ಮತ್ತೆ ಬರೆಯಲಿ. ಅಳಿಸಿದ ತಪ್ಪು ನಿಮಗೂ ಕಾಣುವುದಿಲ್ಲ, ಮಗುವಿಗೂ ಕಾಣುವುದಿಲ್ಲ.

## ಹಂತ 1: ಎಲ್ಲಿ ಎಡವುತ್ತಿದೆ ಎಂದು ಕಂಡುಹಿಡಿಯಿರಿ

ನಲವತ್ತು ಲೆಕ್ಕಗಳ ಒಂದು ಹಾಳೆ ಸಿದ್ಧಮಾಡಿ. ಸಂಕಲನ, ವ್ಯವಕಲನ, ಗುಣಾಕಾರ, ಭಾಗಾಕಾರ ತಲಾ ಹತ್ತು. ಪ್ರತಿಯೊಂದರಲ್ಲೂ ನಾಲ್ಕು ಲೆಕ್ಕಗಳಾದರೂ ಸೊನ್ನೆ ಇರುವಂಥವಾಗಿರಲಿ. ಸಮಯದ ಮಿತಿ ಇಡಬೇಡಿ. ಬೇಕಾದರೆ ಎರಡು ದಿನಕ್ಕೆ ಹಂಚಿ.

ತಿದ್ದುವಾಗ ಅಂಕ ಕೊಡಬೇಡಿ, ತಪ್ಪು ಉತ್ತರ ಹುಟ್ಟಿದ್ದು ಹೇಗೆಂದು ಹುಡುಕಿ. ಉದಾಹರಣೆಗೆ 50,003 − 18,467 ಎಂಬ ಲೆಕ್ಕಕ್ಕೆ ಸರಿಯುತ್ತರ 31,536. ಮಗು 48,464 ಎಂದು ಬರೆದಿದ್ದರೆ ಅದು ಪ್ರತಿ ಸ್ಥಾನದಲ್ಲೂ ದೊಡ್ಡ ಅಂಕಿಯಿಂದ ಚಿಕ್ಕ ಅಂಕಿಯನ್ನು ಕಳೆದಿದೆ. ಮೇಲೆ ಯಾವುದಿದೆ, ಕೆಳಗೆ ಯಾವುದಿದೆ ಎಂದು ನೋಡಿಲ್ಲ. 32,646 ಎಂದು ಬರೆದಿದ್ದರೆ ಸಾಲ ಪಡೆಯುವುದು ಗೊತ್ತಿದೆ, ಆದರೆ ನಡುವಿನ ಸೊನ್ನೆಗಳು ಹತ್ತಾಗಿ ನಂತರ ಒಂಬತ್ತಕ್ಕೆ ಇಳಿಯುತ್ತವೆ ಎಂಬುದು ಗೊತ್ತಿಲ್ಲ. ಎರಡೂ ತಪ್ಪು ಉತ್ತರಗಳೇ, ಮದ್ದು ಮಾತ್ರ ಬೇರೆ ಬೇರೆ. ಮೊದಲನೆಯ ಮಗುವಿಗೆ ವ್ಯವಕಲನವನ್ನೇ ಹೊಸದಾಗಿ ಹೇಳಿಕೊಡಬೇಕು, ಎರಡನೆಯದಕ್ಕೆ ಅರ್ಧ ಗಂಟೆಯ ಪಾಠ ಸಾಕು.

ಉತ್ತರ ನೋಡಿ ಅರ್ಥವಾಗದಿದ್ದರೆ ಮಗುವನ್ನೇ ಕೂರಿಸಿಕೊಂಡು "ಇದನ್ನು ನನಗೆ ಹೇಳಿಕೊಡು" ಎನ್ನಿ. ಗದರಿಸಿದರೆ ಮಗು ನೀವು ಬಯಸುವ ವಿಧಾನವನ್ನು ಹೇಳುತ್ತದೆ, ತಾನು ಮಾಡಿದ ವಿಧಾನವನ್ನು ಹೇಳುವುದಿಲ್ಲ.

## ಹಂತ 2: ತಪ್ಪುಗಳ ಪುಸ್ತಕ ಶುರುಮಾಡಿ

ಇದನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ. ಇಡೀ ಅಭ್ಯಾಸದಲ್ಲಿ ಒಂದನ್ನು ಮಾತ್ರ ಉಳಿಸಿಕೊಳ್ಳಿ ಎಂದರೆ ನಾನು ಇದನ್ನೇ ಉಳಿಸಿಕೊಳ್ಳುತ್ತೇನೆ.

ದಿನದ ಅಭ್ಯಾಸದಲ್ಲಿ ತಪ್ಪಾದ ಪ್ರತಿ ಲೆಕ್ಕವನ್ನೂ ಮಗು ತನ್ನ ಕೈಯಿಂದ ಆ ಪುಸ್ತಕಕ್ಕೆ ಇಳಿಸಿಕೊಳ್ಳಲಿ. ಪಕ್ಕದಲ್ಲಿ ಒಂದು ಗುರುತು ಹಾಕಲಿ. ಪ್ರಶ್ನೆಯನ್ನು ತಪ್ಪಾಗಿ ಓದಿದ್ದರೆ "ಓ", ಅಂಕಿಯನ್ನು ತಪ್ಪಾಗಿ ಇಳಿಸಿಕೊಂಡಿದ್ದರೆ "ಇ", ವಿಧಾನ ಗೊತ್ತಿಲ್ಲದಿದ್ದರೆ "ವಿ", ಮಗ್ಗಿ ಅಥವಾ ದಶಕ ತಪ್ಪಿದ್ದರೆ "ಲೆ". ಆಮೇಲೆ ಅದೇ ಲೆಕ್ಕವನ್ನು ಉತ್ತರ ನೋಡದೆ ಮತ್ತೆ ಮಾಡಲಿ. ಮರುದಿನ ಒಮ್ಮೆ, ವಾರದ ನಂತರ ಒಮ್ಮೆ ಮಾಡಲಿ. ಮೂರು ಸಲವೂ ಸರಿಬಂದರೆ ಆ ಲೆಕ್ಕಕ್ಕೆ ಅಡ್ಡಗೆರೆ.

ಎರಡು ವಾರ ಕಳೆದ ಮೇಲೆ ಗುರುತುಗಳನ್ನು ಎಣಿಸಿ. "ವಿ" ಹೆಚ್ಚಿದ್ದರೆ ಕಲಿಸುವ ಕೆಲಸ ಬಾಕಿಯಿದೆ, "ಲೆ" ಹೆಚ್ಚಿದ್ದರೆ ಮಗ್ಗಿಗೆ ಮರಳಬೇಕು. "ಓ" ಮತ್ತು "ಇ" ಹೆಚ್ಚಿರುವ ಮಗುವಿಗೆ ಇನ್ನಷ್ಟು ಲೆಕ್ಕ ಕೊಡುವುದು ವ್ಯರ್ಥ. ಅದಕ್ಕೆ ದಿನಕ್ಕೆ ಕಡಿಮೆ ಲೆಕ್ಕ, ಹೆಚ್ಚು ನಿಧಾನ ಬೇಕು. "ಅಜಾಗರೂಕತೆ" ಎಂಬ ಒಂದೇ ಮಾತಿನಲ್ಲಿ ಎಲ್ಲ ತಪ್ಪನ್ನೂ ತಳ್ಳಿಹಾಕುವುದರಿಂದ ಯಾವ ಮಗುವಿಗೂ ಉಪಕಾರವಾಗುವುದಿಲ್ಲ.

## ಹಂತ 3: ಮಗ್ಗಿಯನ್ನು ಮೇಲಿಂದ ಕೆಳಗೆ ಅಲ್ಲ, ಎಲ್ಲಿಂದಾದರೂ

ಒಂದರಿಂದ ಇಪ್ಪತ್ತರವರೆಗೆ ಮಗ್ಗಿ ಬರುತ್ತದೆ ಎನ್ನುವ ಮಗುವನ್ನು "ಏಳೆಂಟಲ ಎಷ್ಟು?" ಎಂದು ಕೇಳಿ. ತುಟಿ ಅಲ್ಲಾಡುತ್ತಾ ಏಳೊಂದಲ ಏಳು, ಏಳೆರಡಲ ಹದಿನಾಲ್ಕು ಎಂದು ಮೊದಲಿನಿಂದ ಬಂದರೆ ಅದಕ್ಕೆ ಮಗ್ಗಿಯ ಪದ್ಯ ಬರುತ್ತದೆ, ಮಗ್ಗಿ ಬರುವುದಿಲ್ಲ. ಒಂದು ಉದ್ದ ಭಾಗಾಕಾರದಲ್ಲಿ ಹೀಗೆ ನಾಲ್ಕೈದು ಸಲ ಮೊದಲಿನಿಂದ ಬಂದರೆ ಒಂದೂವರೆ ನಿಮಿಷ ಅಲ್ಲೇ ಮುಗಿಯಿತು.

ಅಭ್ಯಾಸ ಹೀಗೆ ನಡೆಯಲಿ. ಮೊದಲು 2ರಿಂದ 10ರವರೆಗೆ ಕ್ರಮ ತಪ್ಪಿಸಿ ಕೇಳಿ. ಮೂರು ಸೆಕೆಂಡಿನೊಳಗೆ ಬಾರದ್ದನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಸಾಮಾನ್ಯವಾಗಿ ಉಳಿಯುವುದು ಕೆಲವೇ: 6 × 7, 6 × 8, 7 × 8, 6 × 9, 7 × 9, 8 × 9 ಮತ್ತು ಅವುಗಳ ಆಸುಪಾಸಿನವು. ಪೂರ್ತಿ ಮಗ್ಗಿ ಹೇಳಿಸುವ ಬದಲು ಈ ಚೀಟಿಯಲ್ಲಿರುವುದನ್ನು ಮಾತ್ರ ದಿನಕ್ಕೆ ಐದು ನಿಮಿಷ ಕೇಳಿದರೆ ಸಾಕು.

ನಂತರ ತಿರುಗಿಸಿ ಕೇಳಿ. "56 ಯಾವ ಮಗ್ಗಿಯಲ್ಲಿ ಬರುತ್ತದೆ?" "63ರಲ್ಲಿ 9 ಎಷ್ಟು ಸಲ?" "50ರಲ್ಲಿ 8 ಎಷ್ಟು ಸಲ, ಉಳಿದದ್ದೆಷ್ಟು?" ಭಾಗಾಕಾರಕ್ಕೆ ಬೇಕಾದದ್ದು ಈ ತಿರುಗಿಸಿದ ಮಗ್ಗಿಯೇ. ಆಮೇಲೆ 11ರಿಂದ 20. ಹದಿನೇಳು, ಹತ್ತೊಂಬತ್ತರ ಮಗ್ಗಿ ಬಾಯಿಗೆ ಬಾರದಿದ್ದರೆ ಅಲ್ಲೇ ನಿಲ್ಲಬೇಡಿ. 17 × 6 ಎಂದರೆ 60 ಮತ್ತು 42 ಸೇರಿ 102 ಎಂದು ಬಿಡಿಸಿಕೊಳ್ಳಲು ಕಲಿತರೆ ಪರೀಕ್ಷೆಗೆ ಸಾಕಾಗುತ್ತದೆ.

ಮಗ್ಗಿಯ ಜೊತೆಗೇ ಇನ್ನೊಂದು ಪುಟ್ಟ ಅಭ್ಯಾಸ ಇರಲಿ: 100ಕ್ಕೆ ಎಷ್ಟು ಕಡಿಮೆ? 37 ಎಂದರೆ 63, 84 ಎಂದರೆ 16. ಅಂಗಡಿಯಲ್ಲಿ ಚಿಲ್ಲರೆ ಎಣಿಸುವ ಮಕ್ಕಳಿಗೆ ಇದು ಸಲೀಸು. ಸಾಮಾನು ತರಲು ಕಳಿಸುವಾಗ ಲೆಕ್ಕವನ್ನು ಅವರಿಗೇ ಬಿಡಿ.

ಎಚ್ಚರಿಕೆಯ ಸೂಚನೆ: ಈ ಹಂತದ ಕೊನೆಯಲ್ಲೂ 8 + 7ಕ್ಕೆ ಬೆರಳು ಮಡಚುವ ಮಗುವನ್ನು ಮುಂದಕ್ಕೆ ಕರೆದೊಯ್ಯಬೇಡಿ. ಬೆರಳೆಣಿಕೆಗೆ ಬೈಯಲೂ ಬೇಡಿ. ಹತ್ತು ಮಾಡಿಕೊಳ್ಳುವುದನ್ನು ತೋರಿಸಿ: 8ಕ್ಕೆ 2 ಸೇರಿದರೆ 10, ಉಳಿದ 5 ಸೇರಿ 15.

## ಹಂತ 4: ಸ್ಥಾನಬೆಲೆ

"ಮೂರು ಲಕ್ಷ ನಾಲ್ಕು ಸಾವಿರದ ಏಳು" ಎಂದು ಹೇಳಿ ಬರೆಯಿಸಿ. 3,04,007 ಬರಬೇಕು. 34,007 ಎಂದೋ 3,40,07 ಎಂದೋ ಬಂದರೆ ಸ್ಥಾನಗಳ ಪಟ್ಟಿ ಹಾಕಿಸಿ: ಲಕ್ಷ, ಹತ್ತು ಸಾವಿರ, ಸಾವಿರ, ನೂರು, ಹತ್ತು, ಬಿಡಿ. ಹೆಸರಿಲ್ಲದ ಸ್ಥಾನದಲ್ಲಿ ಸೊನ್ನೆ ಕೂರಲೇಬೇಕು. ಅಲ್ಪವಿರಾಮ ಬಲಗಡೆಯಿಂದ ಮೊದಲು ಮೂರು ಅಂಕಿಗೆ, ನಂತರ ಎರಡೆರಡಕ್ಕೆ.

ಇಲ್ಲಿಂದ ಬರುವ ಪ್ರಶ್ನೆಗಳ ಜಾತಿ ಎರಡು ಮೂರೇ. 70,45,308ರಲ್ಲಿ 4ರ ಸ್ಥಾನಬೆಲೆ 40,000, ಮುಖಬೆಲೆ 4. ವ್ಯತ್ಯಾಸ ಕೇಳಿದರೆ 39,996. ಇನ್ನೊಂದು, 0, 1, 3, 5, 8 ಅಂಕಿಗಳನ್ನು ತಲಾ ಒಮ್ಮೆ ಬಳಸಿ ಮಾಡಬಹುದಾದ ಅತಿ ದೊಡ್ಡ ಮತ್ತು ಅತಿ ಚಿಕ್ಕ ಐದಂಕಿಯ ಸಂಖ್ಯೆಗಳ ವ್ಯತ್ಯಾಸ. ಅತಿ ಚಿಕ್ಕದನ್ನು ಮಕ್ಕಳು 01358 ಎಂದು ಬರೆಯುತ್ತಾರೆ. ಸೊನ್ನೆ ಮೊದಲಿಗೆ ಬಂದರೆ ಅದು ನಾಲ್ಕಂಕಿಯ ಸಂಖ್ಯೆಯಾಗುತ್ತದೆ, ಹಾಗಾಗಿ 10,358. ದೊಡ್ಡದು 85,310. ವ್ಯತ್ಯಾಸ 74,952.

## ಹಂತ 5: ಸಂಕಲನ ಮತ್ತು ವ್ಯವಕಲನ

ಸಂಕಲನಕ್ಕೆ ಹೆಚ್ಚು ಹೊತ್ತು ಬೇಡ. ಅಂಕಿಗಳ ಸಂಖ್ಯೆ ಬೇರೆ ಬೇರೆ ಇರುವಂಥವನ್ನು ಅಡ್ಡಸಾಲಿನಲ್ಲಿ ಕೊಟ್ಟು (4,708 + 56 + 23,190) ಮಗುವೇ ಕೆಳಗೆ ಕೆಳಗೆ ಜೋಡಿಸಿಕೊಳ್ಳುವಂತೆ ಮಾಡಿ. ದಶಕವನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳುವ ಜಾಣತನ ಈಗ ಬೇಡ, ಮೇಲೆ ಸಣ್ಣದಾಗಿ ಬರೆಯಲಿ.

ವ್ಯವಕಲನದಲ್ಲಿ ನಿಲ್ಲಿ. ಸೊನ್ನೆಗಳ ಸಾಲು ದಾಟಿ ಸಾಲ ಪಡೆಯುವುದನ್ನು ಒಂದು ವಾರ ಪೂರ್ತಿ ಮಾಡಿಸಿ. 50,003ರಲ್ಲಿ ಬಿಡಿಗೆ ಸಾಲ ಬೇಕು. ಹತ್ತು, ನೂರು, ಸಾವಿರ ಮೂರೂ ಸ್ಥಾನ ಖಾಲಿ. ಐದರಿಂದ ಒಂದು ಹೊರಟರೆ ಅದು ನಾಲ್ಕಾಗುತ್ತದೆ, ದಾರಿಯ ಮೂರು ಸೊನ್ನೆಗಳು 9, 9, 9 ಆಗುತ್ತವೆ, ಬಿಡಿ 13 ಆಗುತ್ತದೆ. ಇದನ್ನು ಮಗು ಸಂಖ್ಯೆಯ ಮೇಲೆ ಒಂದೇ ಸಲ ಬರೆದುಕೊಂಡು ಆಮೇಲೆ ಕಳೆಯಲು ಶುರುಮಾಡಲಿ. ಒಂದೊಂದು ಸ್ಥಾನಕ್ಕೂ ನಿಂತು ಸಾಲ ಹುಡುಕಿದರೆ ಗೊಂದಲವಾಗುತ್ತದೆ.

ವಿಧಾನ ಗಟ್ಟಿಯಾದ ಮೇಲೆ ಮಾತ್ರ ಒಂದು ಸುಲಭ ದಾರಿ ತೋರಿಸಿ. ಎರಡೂ ಸಂಖ್ಯೆಗಳಿಂದ ಒಂದೇ ಮೊತ್ತ ತೆಗೆದರೆ ವ್ಯತ್ಯಾಸ ಬದಲಾಗುವುದಿಲ್ಲ. 50,003 − 18,467ರಲ್ಲಿ ಎರಡರಿಂದಲೂ 4 ತೆಗೆಯಿರಿ: 49,999 − 18,463. ಸಾಲದ ಮಾತೇ ಇಲ್ಲ, ಉತ್ತರ 31,536. ಇದನ್ನು ಮೊದಲೇ ಹೇಳಿಕೊಟ್ಟರೆ ಮಗು ಎಲ್ಲ ಲೆಕ್ಕಕ್ಕೂ ಇದನ್ನೇ ಹಚ್ಚಲು ಹೋಗಿ ತಪ್ಪುತ್ತದೆ.

ತಾಳೆ ನೋಡುವ ಅಭ್ಯಾಸ ಇಲ್ಲಿಂದಲೇ ಶುರುವಾಗಲಿ. ಉತ್ತರಕ್ಕೆ ಕಳೆದ ಸಂಖ್ಯೆಯನ್ನು ಕೂಡಿದರೆ ಮೊದಲಿನ ಸಂಖ್ಯೆ ಬರಬೇಕು. ಈ ಹಂತ ಮುಗಿಯುವವರೆಗೆ ತಾಳೆ ನೋಡದ ಲೆಕ್ಕವನ್ನು ನೀವು ತಿದ್ದಬೇಡಿ, ಹಾಗೆಯೇ ಮರಳಿಸಿ.

## ಹಂತ 6: ಗುಣಾಕಾರ

ಮೂರಂಕಿಯನ್ನು ಎರಡಂಕಿಯಿಂದ, ನಂತರ ಮೂರಂಕಿಯಿಂದ ಗುಣಿಸುವುದು ಸಾಕು. ತಪ್ಪು ಹುಟ್ಟುವ ಜಾಗ ಮತ್ತೆ ಸೊನ್ನೆಯೇ. 306 × 208 ಮಾಡುವಾಗ ಹತ್ತರ ಸ್ಥಾನದ ಸೊನ್ನೆಯನ್ನು "ಏನೂ ಇಲ್ಲ" ಎಂದು ಹಾರಿಸಿ, ಎರಡನೇ ಸಾಲನ್ನು ಒಂದೇ ಮನೆ ಬಿಟ್ಟು ಬರೆದರೆ ಲೆಕ್ಕ 306 × 28 ಆಗಿಬಿಡುತ್ತದೆ, 8,568 ಬರುತ್ತದೆ. ಸರಿಯುತ್ತರ 63,648. ಇದನ್ನು ತಡೆಯಲು ಪ್ರತಿ ಗುಣಾಕಾರಕ್ಕೂ ಮೊದಲು ಅಂದಾಜು ಬರೆಯಿಸಿ. 300 × 200 ಎಂದರೆ 60,000. ಎಂಟು ಸಾವಿರ ಅದರ ಹತ್ತಿರಕ್ಕೂ ಬಾರದು ಎಂದು ಮಗುವಿಗೇ ಕಾಣುತ್ತದೆ.

ಬಹು ಆಯ್ಕೆಯ ಪರೀಕ್ಷೆಯಲ್ಲಿ ಅಂದಾಜು ಮತ್ತು ಬಿಡಿಸ್ಥಾನ ಎರಡೂ ಸೇರಿದರೆ ಎಷ್ಟೋ ಸಲ ಪೂರ್ತಿ ಗುಣಿಸುವ ಅಗತ್ಯವೇ ಇರುವುದಿಲ್ಲ. 398 × 52ಕ್ಕೆ ಆಯ್ಕೆಗಳು 2,096, 20,696, 20,698, 2,06,960 ಎಂದಿರಲಿ. ಅಂದಾಜು 400 × 50, ಅಂದರೆ 20,000. ಮೊದಲನೆಯದೂ ಕೊನೆಯದೂ ಹೋದವು. ಬಿಡಿಸ್ಥಾನ 8 × 2 = 16, ಹಾಗಾಗಿ ಕೊನೆಯ ಅಂಕಿ 6. ಉತ್ತರ 20,696.

ಅಂಕಿಗಳ ಮೊತ್ತದಿಂದ ತಾಳೆ ನೋಡುವುದನ್ನೂ ಕಲಿಸಿ. 398ರ ಅಂಕಿಗಳ ಮೊತ್ತ 20, ಅದರ ಮೊತ್ತ 2. 52ರದು 7. ಎರಡರ ಗುಣಲಬ್ಧ 14, ಅದು 5. ಉತ್ತರ 20,696ರ ಅಂಕಿಗಳ ಮೊತ್ತ 23, ಅದೂ 5. ತಾಳೆಯಾಯಿತು. ಒಂದು ಮಿತಿ ನೆನಪಿರಲಿ: ಅಂಕಿಗಳು ಅದಲುಬದಲಾಗಿದ್ದರೆ ಈ ತಾಳೆ ಹಿಡಿಯುವುದಿಲ್ಲ. 20,966 ಎಂದು ಬರೆದಿದ್ದರೂ ಮೊತ್ತ ಅಷ್ಟೇ.

25ರಿಂದ ಗುಣಿಸಲು 4ರಿಂದ ಭಾಗಿಸಿ ಎರಡು ಸೊನ್ನೆ ಹಚ್ಚುವುದು (48 × 25 = 1,200), 99ರಿಂದ ಗುಣಿಸಲು ನೂರರಿಂದ ಗುಣಿಸಿ ಒಮ್ಮೆ ಕಳೆಯುವುದು (368 × 99 = 36,800 − 368 = 36,432) ಉಪಯುಕ್ತ. ಇನ್ನುಳಿದ ನೂರೆಂಟು "ಶಾರ್ಟ್‌ಕಟ್"ಗಳನ್ನು ಹತ್ತು ವರ್ಷದ ಮಗುವಿನ ತಲೆಗೆ ತುಂಬಬೇಡಿ. ಯಾವುದನ್ನು ಎಲ್ಲಿ ಬಳಸಬೇಕೆಂದು ಯೋಚಿಸುವಷ್ಟರಲ್ಲಿ ನೇರ ದಾರಿಯಲ್ಲಿ ಲೆಕ್ಕ ಮುಗಿದಿರುತ್ತದೆ.

## ಹಂತ 7: ಭಾಗಾಕಾರ

ಅತಿ ಹೆಚ್ಚು ಸಮಯ ಇದಕ್ಕೆ ಕೊಡಿ. ಉಳಿದ ಮೂರೂ ಕ್ರಿಯೆಗಳು ಇದರೊಳಗೇ ಇರುವುದರಿಂದ ಎಲ್ಲ ಹಳೆಯ ದೌರ್ಬಲ್ಯವೂ ಇಲ್ಲಿ ಹೊರಬರುತ್ತದೆ.

ಎರಡಂಕಿಯ ಭಾಜಕ ಬಂದಾಗ ಮಗು ಅಂದಾಜಿನಲ್ಲಿ ತಡವರಿಸುತ್ತದೆ. ಲೆಕ್ಕ ಶುರುಮಾಡುವ ಮೊದಲು ಪಕ್ಕದಲ್ಲಿ ಆ ಭಾಜಕದ ಮಗ್ಗಿಯನ್ನು ಕೂಡುತ್ತಾ ಬರೆದುಕೊಳ್ಳಲಿ. 37 ಆದರೆ 37, 74, 111, 148, 185, 222, 259, 296, 333. ಇಪ್ಪತ್ತು ಸೆಕೆಂಡಿನ ಕೆಲಸ. ಆಮೇಲೆ ಊಹೆಯ ಮಾತಿಲ್ಲ.

ಎಲ್ಲ ಮಕ್ಕಳೂ ಬೀಳುವ ಗುಂಡಿ ಭಾಗಲಬ್ಧದ ನಡುವಿನ ಸೊನ್ನೆ. 4,836 ÷ 12. 48ರಲ್ಲಿ 12 ನಾಲ್ಕು ಸಲ. ಕೆಳಗೆ 3 ಇಳಿಸಿದರೆ ಅದರಲ್ಲಿ 12 ಹೋಗುವುದಿಲ್ಲ. ಮಗು ಸುಮ್ಮನೆ 6ನ್ನೂ ಇಳಿಸಿಕೊಂಡು 36ರಲ್ಲಿ ಮೂರು ಸಲ ಎಂದು 43 ಬರೆಯುತ್ತದೆ. ಸರಿಯುತ್ತರ 403. ಇದಕ್ಕೆ ಒಂದೇ ನಿಯಮ, ಅದನ್ನು ಮಗು ಬಾಯಲ್ಲಿ ಹೇಳುತ್ತಲೇ ಲೆಕ್ಕ ಮಾಡಲಿ: ಒಂದು ಅಂಕಿ ಇಳಿಸಿದರೆ ಮೇಲೆ ಒಂದು ಅಂಕಿ ಬರೆಯಲೇಬೇಕು, ಹೋಗದಿದ್ದರೆ ಸೊನ್ನೆ. ಜೊತೆಗೆ ಅಂಕಿಗಳ ಎಣಿಕೆಯಿಂದಲೂ ನೋಡಬಹುದು. 48 ಮೊದಲ ಭಾಗ, ಅದಾದ ಮೇಲೆ ಎರಡು ಅಂಕಿ ಉಳಿದಿವೆ, ಹಾಗಾಗಿ ಭಾಗಲಬ್ಧಕ್ಕೆ ಮೂರು ಅಂಕಿ ಇರಲೇಬೇಕು.

ಶೇಷ ಭಾಜಕಕ್ಕಿಂತ ಚಿಕ್ಕದಾಗಿದೆಯೇ ಎಂದು ಪ್ರತಿ ಸಲವೂ ನೋಡಲಿ. ಕೊನೆಗೆ ತಾಳೆ: ಭಾಜ್ಯ = ಭಾಜಕ × ಭಾಗಲಬ್ಧ + ಶೇಷ. ಇದೇ ಸೂತ್ರದ ಮೇಲೆ ಪ್ರಶ್ನೆಗಳೂ ಬರುತ್ತವೆ. ಒಂದು ಸಂಖ್ಯೆಯನ್ನು 37ರಿಂದ ಭಾಗಿಸಿದಾಗ ಭಾಗಲಬ್ಧ 24, ಶೇಷ 19 ಆದರೆ ಆ ಸಂಖ್ಯೆ 888 + 19, ಅಂದರೆ 907.

ಮಕ್ಕಳನ್ನು ಗೊಂದಲಕ್ಕೀಡುಮಾಡುವ ಇನ್ನೊಂದು ಜೋಡಿ: "1,000ದಿಂದ ಕನಿಷ್ಠ ಎಷ್ಟನ್ನು ಕಳೆದರೆ 23ರಿಂದ ನಿಶ್ಶೇಷವಾಗಿ ಭಾಗವಾಗುತ್ತದೆ?" ಮತ್ತು "ಕನಿಷ್ಠ ಎಷ್ಟನ್ನು ಕೂಡಿದರೆ?" ಭಾಗಿಸಿದರೆ ಶೇಷ 11. ಕಳೆಯಲು ಕೇಳಿದರೆ ಶೇಷವೇ ಉತ್ತರ, 11. ಕೂಡಲು ಕೇಳಿದರೆ ಭಾಜಕದಿಂದ ಶೇಷ ಕಳೆಯಬೇಕು, 12. ಎರಡೂ ಸಂಖ್ಯೆಗಳು ಆಯ್ಕೆಗಳಲ್ಲಿ ಇರಬಹುದು, ಆದ್ದರಿಂದ ಪ್ರಶ್ನೆಯಲ್ಲಿನ ಕ್ರಿಯಾಪದದ ಕೆಳಗೆ ಗೆರೆ ಎಳೆಯುವುದು ಅಭ್ಯಾಸವಾಗಬೇಕು.

ಭಾಗಾಕಾರ ಗಟ್ಟಿಯಾದ ಮೇಲೆ ಭಾಜ್ಯತೆಯ ನಿಯಮಗಳು, ಅಪವರ್ತನ, ಲ.ಸಾ.ಅ., ಮ.ಸಾ.ಅ. (ಮಹತ್ತಮ ಸಾಮಾನ್ಯ ಅಪವರ್ತನ) ಬೇಗ ಬರುತ್ತವೆ. ಲೆಕ್ಕಕ್ಕೆ ಯಾವುದು ಬೇಕೆಂಬ ಗೊಂದಲ ಹೀಗೆ ಬಿಡಿಸಿ: 12, 15, 18 ನಿಮಿಷಕ್ಕೊಮ್ಮೆ ಬಾರಿಸುವ ಗಂಟೆಗಳು ಮತ್ತೆ ಒಟ್ಟಿಗೆ ಬಾರಿಸುವುದು ಮುಂದೆಂದೋ, ಉತ್ತರ ದೊಡ್ಡದಾಗಿರಬೇಕು, ಹಾಗಾಗಿ ಲ.ಸಾ.ಅ. 180 ನಿಮಿಷ. ಇರುವುದನ್ನು ಸಮನಾಗಿ ತುಂಡು ಮಾಡುವ, ಅಳೆಯುವ ಮಾತು ಬಂದರೆ ಉತ್ತರ ಕೊಟ್ಟ ಸಂಖ್ಯೆಗಳನ್ನು ಮೀರಲಾರದು, ಹಾಗಾಗಿ ಮ.ಸಾ.ಅ.

## ಹಂತ 8: ಕ್ರಿಯೆಗಳ ಕ್ರಮ

ಸಂಕ್ಷೇಪಿಸುವ ಲೆಕ್ಕಗಳಲ್ಲಿ ಮೊದಲು ಆವರಣ, ನಂತರ ಭಾಗಾಕಾರ ಗುಣಾಕಾರ, ಕೊನೆಗೆ ಸಂಕಲನ ವ್ಯವಕಲನ ಎಂಬ ನಿಯಮ ಎಲ್ಲರಿಗೂ ಗೊತ್ತು. ಭಾಗಾಕಾರ ಮತ್ತು ಗುಣಾಕಾರಕ್ಕೆ ಸಮಾನ ಹಕ್ಕು, ಎಡದಿಂದ ಬಲಕ್ಕೆ ಯಾವುದು ಮೊದಲು ಸಿಗುತ್ತದೋ ಅದು ಮೊದಲು ಎಂಬುದು ಬಹಳ ಮಕ್ಕಳಿಗೆ ಗೊತ್ತಿಲ್ಲ. ಸಂಕಲನ ವ್ಯವಕಲನಕ್ಕೂ ಹಾಗೆಯೇ. 48 ÷ 6 × 2ಕ್ಕೆ ಉತ್ತರ 16. 6 × 2 ಮೊದಲು ಮಾಡಿದರೆ 4 ಬಂದುಬಿಡುತ್ತದೆ. 20 − 8 + 5ಕ್ಕೆ ಉತ್ತರ 17, 7 ಅಲ್ಲ.

ಒಂದು ಸಾಲಿಗೆ ಒಂದೇ ಕ್ರಿಯೆ ಮಾಡಿಸಿ. 36 − 4 × (7 − 2) + 18 ÷ 3. ಮೊದಲ ಸಾಲು 36 − 4 × 5 + 18 ÷ 3. ಆಮೇಲೆ 36 − 20 + 18 ÷ 3, ಆಮೇಲೆ 36 − 20 + 6, ಆಮೇಲೆ 16 + 6, ಕೊನೆಗೆ 22. ಎರಡು ಕ್ರಿಯೆಗಳನ್ನು ಒಂದೇ ಸಾಲಿನಲ್ಲಿ ಮುಗಿಸುವ ಅವಸರವೇ ಇಲ್ಲಿನ ಮುಖ್ಯ ಶತ್ರು.

## ಹಂತ 9: ವಾಕ್ಯರೂಪದ ಲೆಕ್ಕಗಳು

"ಒಟ್ಟು ಎಂದರೆ ಕೂಡು, ಹೆಚ್ಚು ಎಂದರೆ ಕೂಡು, ಉಳಿದ ಎಂದರೆ ಕಳೆ" ಎಂದು ಪದ ಹಿಡಿದು ಲೆಕ್ಕ ಮಾಡಲು ಕಲಿಸಬೇಡಿ. "ರಾಜುವಿನ ಬಳಿ 245 ರೂಪಾಯಿ ಇದೆ. ಅದು ಗೀತಾಳ ಬಳಿ ಇರುವುದಕ್ಕಿಂತ 68 ಹೆಚ್ಚು. ಗೀತಾಳ ಬಳಿ ಎಷ್ಟಿದೆ?" ಹೆಚ್ಚು ಎಂಬ ಪದ ನೋಡಿ ಕೂಡಿದ ಮಗು 313 ಎನ್ನುತ್ತದೆ. ಗೀತಾಳದ್ದು ಕಡಿಮೆ, 177. ಮೊದಲು "ಯಾರದ್ದು ದೊಡ್ಡದು?" ಎಂದು ಕೇಳಿಕೊಳ್ಳಲಿ, ಕ್ರಿಯೆ ಆಮೇಲೆ.

ಓದುವ ಕ್ರಮ ಹೀಗಿರಲಿ. ಮೊದಲ ಸಲ ಸುಮ್ಮನೆ ಓದು. ಎರಡನೇ ಸಲ ಕೇಳಿರುವುದರ ಕೆಳಗೆ ಗೆರೆ. ನಂತರ ಕೊಟ್ಟಿರುವ ಸಂಖ್ಯೆಗಳು, ಅವುಗಳ ಅಳತೆಯೊಂದಿಗೆ. ಆಮೇಲೆ ಲೆಕ್ಕ. ಉತ್ತರ ಬಂದ ಮೇಲೆ ಗೆರೆ ಎಳೆದ ಮಾತನ್ನು ಮತ್ತೊಮ್ಮೆ ಓದಬೇಕು, ಏಕೆಂದರೆ ನಡುವಿನ ಉತ್ತರಗಳೂ ಆಯ್ಕೆಗಳಲ್ಲಿ ಕಾದು ಕೂತಿರುತ್ತವೆ. 18 ಕೊಠಡಿ, ಪ್ರತಿ ಕೊಠಡಿಗೆ 24 ಬೆಂಚು, ಬೆಂಚಿಗೆ ಇಬ್ಬರು, ಶಾಲೆಯ ಮಕ್ಕಳು 1,000. ಎಷ್ಟು ಮಕ್ಕಳಿಗೆ ಜಾಗವಿಲ್ಲ? 432 ಬೆಂಚು, 864 ಮಕ್ಕಳಿಗೆ ಜಾಗ, ಜಾಗವಿಲ್ಲದವರು 136. ಆಯ್ಕೆಗಳಲ್ಲಿ 864 ಕಂಡ ಕೂಡಲೇ ಮಗು ವೃತ್ತ ತುಂಬಿಬಿಡುತ್ತದೆ.

ಮೂರು ಬಗೆಯವನ್ನು ಪ್ರತ್ಯೇಕವಾಗಿ ಮಾಡಿಸಿ. ಶೇಷದ ಅರ್ಥ ಕೇಳುವಂಥದ್ದು: 1,250 ತೆಂಗಿನಕಾಯಿಗಳನ್ನು ಚೀಲಕ್ಕೆ 60ರಂತೆ ತುಂಬಲು ಎಷ್ಟು ಚೀಲ ಬೇಕು? 20 ಚೀಲ ತುಂಬಿ 50 ಕಾಯಿ ಉಳಿಯುತ್ತವೆ, ಹಾಗಾಗಿ 21. ಪೂರ್ತಿ ತುಂಬಿದ ಚೀಲ ಎಷ್ಟು ಎಂದು ಕೇಳಿದ್ದರೆ 20. ಅಂತರ ಎಣಿಸುವಂಥದ್ದು: 100 ಮೀಟರ್ ರಸ್ತೆಯ ಒಂದು ಬದಿಯಲ್ಲಿ ಎರಡೂ ತುದಿ ಸೇರಿ 5 ಮೀಟರಿಗೊಂದು ಗಿಡ ನೆಟ್ಟರೆ 21 ಗಿಡ. ಎರಡೂ ತುದಿ ಸೇರಿಸಿ ಎಣಿಸುವಂಥದ್ದು: 37ನೇ ಪುಟದಿಂದ 85ನೇ ಪುಟದವರೆಗೆ ಓದಿದರೆ 49 ಪುಟ. ನಂಬದ ಮಗುವಿಗೆ 3ರಿಂದ 5ನೇ ಪುಟದವರೆಗೆ ಬೆರಳಿಟ್ಟು ಎಣಿಸಲು ಹೇಳಿ.

## ಹಂತ 10: ಈಗ ಗಡಿಯಾರ

ಸಮಯವಿಲ್ಲದೆ ಮಾಡಿದಾಗ ಇಪ್ಪತ್ತಕ್ಕೆ ಹದಿನೆಂಟು ಸತತವಾಗಿ ಸರಿಬರುವವರೆಗೆ ಈ ಹಂತಕ್ಕೆ ಬರಬೇಡಿ. ಬಂದ ಮೇಲೆ ಮೊದಲ ವಾರ 20 ಲೆಕ್ಕಕ್ಕೆ 45 ನಿಮಿಷ ಕೊಡಿ, ಮುಂದಿನ ವಾರ 38, ಆಮೇಲೆ 30. ಸಮಯ ಇಳಿಸಿದಾಗ ಸರಿಯುತ್ತರಗಳು ಮೂರಕ್ಕಿಂತ ಹೆಚ್ಚು ಕುಸಿದರೆ ಹಿಂದಿನ ಸಮಯಕ್ಕೆ ಮರಳಿ.

ಎರಡು ಸುತ್ತಿನ ಪದ್ಧತಿ ಕಲಿಸಿ. ಮೊದಲ ಸುತ್ತಿನಲ್ಲಿ ಓದಿದ ಕೂಡಲೇ ದಾರಿ ಕಾಣುವ ಲೆಕ್ಕಗಳು ಮಾತ್ರ. ದಾರಿ ಕಾಣದ್ದಕ್ಕೆ ಪುಸ್ತಿಕೆಯಲ್ಲಿ ಚುಕ್ಕೆ ಇಟ್ಟು ಮುಂದಕ್ಕೆ. ಎರಡನೇ ಸುತ್ತಿನಲ್ಲಿ ಚುಕ್ಕೆಯವು. ಒಂದೇ ಲೆಕ್ಕಕ್ಕೆ ಅಂಟಿಕೊಂಡು ಐದು ನಿಮಿಷ ಕಳೆಯುವುದು ಬುದ್ಧಿವಂತ ಮಕ್ಕಳೇ ಹೆಚ್ಚಾಗಿ ಮಾಡುವ ತಪ್ಪು, ಸೋಲೊಪ್ಪಲು ಅವರಿಗೆ ಮನಸ್ಸು ಬರುವುದಿಲ್ಲ.

ಒಎಂಆರ್ ಹಾಳೆ ತುಂಬುವುದನ್ನು ಬೇರೆಯಾಗಿಯೇ ಅಭ್ಯಾಸ ಮಾಡಿಸಿ. ಪೆನ್ಸಿಲ್ ಬಳಸುವಂತಿಲ್ಲ, ತುಂಬಿದ ವೃತ್ತವನ್ನು ಬದಲಿಸುವಂತಿಲ್ಲ. ಒಂದು ಸಾಲು ತಪ್ಪಿದರೆ ಅಲ್ಲಿಂದ ಮುಂದಿನ ಸರಿಯುತ್ತರಗಳೆಲ್ಲ ತಪ್ಪಾಗುತ್ತವೆ, ಮುಖ್ಯವಾಗಿ ಚುಕ್ಕೆ ಇಟ್ಟು ಹಾರಿಸಿದ ಪ್ರಶ್ನೆಯ ನಂತರ. ವೃತ್ತ ತುಂಬುವ ಮುನ್ನ ಪ್ರಶ್ನೆಯ ಸಂಖ್ಯೆಯನ್ನು ತುಟಿಯಲ್ಲಿ ಹೇಳಿಕೊಳ್ಳಲಿ. ಒರಟು ಲೆಕ್ಕಕ್ಕೆ ಬೇರೆ ಹಾಳೆ ಸಿಗುವುದಿಲ್ಲ, ಪುಸ್ತಿಕೆಯ ಖಾಲಿ ಜಾಗದಲ್ಲೇ ಮಾಡಬೇಕು. ಮನೆಯಲ್ಲಿ ದೊಡ್ಡ ಅಕ್ಷರದಲ್ಲಿ ಹರಡಿ ಬರೆದು ರೂಢಿಯಾದ ಮಗುವಿಗೆ ಇದು ಕಷ್ಟ. ಅದಕ್ಕಾಗಿ ಕೊನೆಯ ತಿಂಗಳು ಲೆಕ್ಕಗಳನ್ನು ಪ್ರಶ್ನೆಪತ್ರಿಕೆಯ ಅಂಚಿನಲ್ಲೇ ಮಾಡಿಸಿ.

ಕಪಾಟಿನಲ್ಲಿಟ್ಟ ಪ್ರಶ್ನೆಪತ್ರಿಕೆಗಳನ್ನು ಈಗ ಹೊರತೆಗೆಯಿರಿ. ವಾರಕ್ಕೆ ಒಂದೇ, ಎರಡು ಗಂಟೆ ಪೂರ್ತಿ, ನಡುವೆ ಏಳದೆ. ಮರುದಿನ ಇಡೀ ಅವಧಿ ತಪ್ಪುಗಳ ಪುಸ್ತಕಕ್ಕೇ ಮೀಸಲು.

## ನಿಲ್ಲಿಸಿ ನೋಡಬೇಕಾದ ಸೂಚನೆಗಳು

ಮಗು ಒರಟು ಲೆಕ್ಕವಿಲ್ಲದೆ ಸರಿಯುತ್ತರ ಬರೆಯುತ್ತಿದ್ದರೆ ಉತ್ತರಸೂಚಿ ಎಲ್ಲಿದೆ ಎಂದು ನೋಡಿ, ಆದರೆ ಕಳ್ಳನಂತೆ ಹಿಡಿಯಬೇಡಿ. ಅಂಕದ ಭಯ ಇಷ್ಟಾಗಿದೆ ಎಂದು ಅರ್ಥಮಾಡಿಕೊಂಡು ಒಂದು ವಾರ ಅಂಕ ಎಣಿಸುವುದನ್ನೇ ಬಿಡಿ. ಅಭ್ಯಾಸಕ್ಕೆ ಕೂರುವ ಹೊತ್ತಿಗೆ ಹೊಟ್ಟೆನೋವು ಬರುವುದು, ನೋಟ್‌ಬುಕ್ ಅಡಗಿಸುವುದು, ಬರುತ್ತಿದ್ದ ಲೆಕ್ಕವೂ ತಪ್ಪತೊಡಗುವುದು ದಣಿವಿನ ಗುರುತು. ಹತ್ತು ವರ್ಷದ ಮಗುವಿಗೆ ದಿನಕ್ಕೆ ನಲವತ್ತು ನಿಮಿಷದ ಅಂಕಗಣಿತ ಸಾಕು: ಹತ್ತು ನಿಮಿಷ ತಪ್ಪುಗಳ ಪುಸ್ತಕ, ಐದು ನಿಮಿಷ ಮಗ್ಗಿ, ಉಳಿದದ್ದು ಆ ಹಂತದ ಲೆಕ್ಕ. ಭಾನುವಾರ ರಜೆ ಇರಲಿ. ನೆರೆಮನೆಯ ಮಗುವಿನ ಅಂಕದ ಮಾತು ಮನೆಯೊಳಗೆ ಬರುವುದೇ ಬೇಡ.

ಎಲ್ಲ ಹಂತಕ್ಕೂ ಸೇರಿ ನಾಲ್ಕು ತಿಂಗಳಾದರೂ ಬೇಕು. ಎರಡೇ ತಿಂಗಳು ಉಳಿದಿದ್ದರೆ 1, 2, 3, 5, 7, 10 ಇವನ್ನು ಬಿಡಬೇಡಿ, ಉಳಿದವನ್ನು ಕುದುರಿದಷ್ಟು ಮಾಡಿಸಿ.

ಕೊನೆಯ ವಾರ ಹೊಸದೇನನ್ನೂ ಕಲಿಸಬೇಡಿ. ಅಡ್ಡಗೆರೆ ಬೀಳದೆ ಉಳಿದ ಲೆಕ್ಕಗಳನ್ನು ದಿನಕ್ಕೆ ಐದರಂತೆ ಮಾಡಿಸಿ. ಹಿಂದಿನ ರಾತ್ರಿ ಪ್ರವೇಶಪತ್ರ, ಮಗು ಬಳಸಿ ರೂಢಿಯಾದ ಎರಡು ಪೆನ್ನು ತೆಗೆದಿಡಿ, ಬೇಗ ಮಲಗಿಸಿ. ಪರೀಕ್ಷಾ ಕೊಠಡಿಗೆ ಕಳಿಸುವ ಮುನ್ನ ಎರಡೇ ಮಾತು ಹೇಳಿ: ಐದು ಪ್ರಶ್ನೆಗೊಮ್ಮೆ ಸಾಲಿನ ಸಂಖ್ಯೆ ಸರಿಯಿದೆಯೇ ಎಂದು ನೋಡು, ಯಾವ ಪ್ರಶ್ನೆಯನ್ನೂ ಖಾಲಿ ಬಿಟ್ಟು ಬರಬೇಡ.